ಮುಚ್ಚಿಕೊಳ್ಳದ ಸೂಜಿ ಕೊಟ್ಟು ನಮ್ಮ ಎಚ್ಚರವನ್ನು ಪ್ರಶ್ನಿಸುವವರಿಗೆ

ಡ್ರಿಪ್ ಕೊಡಲು ರಕ್ತನಾಳಕ್ಕೆ ಕ್ಯಾನುಲಾ ಎಂಬ ಪ್ಲಾಸ್ಟಿಕ್ ನಳಿಕೆ ಹಾಕುವಾಗ ಸೂಜಿ ಚುಚ್ಚಿಕೊಂಡ ನರ್ಸ್ ಒಬ್ಬರು ವರದಿ ಬರೆದುಕೊಟ್ಟರೆ ಆಡಳಿತದವರು ಮೊದಲು ಕೇಳುವುದು, "ಸ್ವಲ್ಪ ಎಚ್ಚರಿಕೆಯಿಂದ ಇರಬಾರದಿತ್ತೇ?" ಎಂದು. ಕೈಗೆ ಕೊಟ್ಟಿದ್ದ ಕ್ಯಾನುಲಾದಲ್ಲಿ ಸೂಜಿಯ ತುದಿ ಮುಚ್ಚಿಕೊಳ್ಳುವ ವ್ಯವಸ್ಥೆ ಇತ್ತೇ ಎಂದು ಯಾರೂ ವಿಚಾರಿಸುವುದಿಲ್ಲ. ವಾರ್ಡಿನಲ್ಲಿ ದುಡಿಯುವ ನನಗೆ ಈ ಮಾತು ಕೇಳಿದಾಗಲೆಲ್ಲ ಮೈಯೆಲ್ಲ ಉರಿಯುತ್ತದೆ.

ಸೂಜಿ ರಕ್ತನಾಳವನ್ನು ಸೇರಿ ಹಿಂಬದಿಯಲ್ಲಿ ರಕ್ತ ಕಾಣಿಸಿದ ಮೇಲೆ ಪ್ಲಾಸ್ಟಿಕ್ ನಳಿಕೆಯನ್ನು ಒಳಕ್ಕೆ ಜಾರಿಸಿ ಸೂಜಿಯನ್ನು ಹೊರಗೆಳೆಯಬೇಕು. ಆಗ ಒಂದು ಕೈ ರಕ್ತ ಹೊರಬಾರದಂತೆ ನಾಳವನ್ನು ಒತ್ತಿ ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ರಕ್ತ ತುಂಬಿದ ಟೊಳ್ಳು ಸೂಜಿ ತೆರೆದೇ ಇರುತ್ತದೆ, ರೋಗಿ ನೋವಿಗೆ ಕೈ ಕೊಸರುತ್ತಿರುತ್ತಾರೆ. ಹೊಲಿಗೆ ಹಾಕುವ ಗಟ್ಟಿ ಸೂಜಿಗಿಂತ ಈ ಟೊಳ್ಳು ಸೂಜಿ ಹೆಚ್ಚು ರಕ್ತವನ್ನು ಒಳಗಿಟ್ಟುಕೊಳ್ಳುವುದರಿಂದ ಅಪಾಯವೂ ಹೆಚ್ಚು. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿಗೆ ಲಸಿಕೆಯಾದರೂ ಇದೆ. ಹೆಪಟೈಟಿಸ್ ಸಿಗೆ ಅದೂ ಇಲ್ಲ. ಎಚ್‌ಐವಿ ಶಂಕೆಯಿದ್ದರೆ 28 ದಿನ ಔಷಧ ನುಂಗುತ್ತ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ, ಮನೆಯವರಿಗೆ ಹೇಳಲೂ ಆಗದೆ ಬಿಡಲೂ ಆಗದೆ ಒದ್ದಾಡುವವರು ನಾವು.

ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಸೂಜಿಯ ತುದಿ ನಳಿಕೆಯಿಂದ ಹೊರಬರುತ್ತಿದ್ದಂತೆಯೇ ಪುಟ್ಟ ಲೋಹದ ಕ್ಲಿಪ್ ತಾನಾಗಿ ಅದನ್ನು ಮುಚ್ಚುವ ಕ್ಯಾನುಲಾಗಳಿವೆ. ಡ್ರಿಪ್ ಜೋಡಿಸುವವರೆಗೆ ರಕ್ತ ಸುರಿಯದಂತೆ ತಡೆಯುವ ಕವಾಟ ಇರುವವೂ ಇವೆ. ನಮ್ಮಲ್ಲಿ ಇಂಥವು ತೀವ್ರ ನಿಗಾ ಘಟಕಕ್ಕೆ ಮಾತ್ರ ಸಿಗುತ್ತವೆ. ಸಾಮಾನ್ಯ ವಾರ್ಡಿನ ರೋಗಿಯ ರಕ್ತದಲ್ಲಿ ವೈರಸ್ ಇರುವುದಿಲ್ಲವೆಂದು ಯಾರು ತೀರ್ಮಾನಿಸಿದರೋ ತಿಳಿಯದು. ನಡುವೆ ಒಮ್ಮೆ ನಮ್ಮನ್ನು ಒಂದು ಮಾತೂ ಕೇಳದೆ ಗುಂಡಿ ಒತ್ತಿದರೆ ಸೂಜಿ ಒಳಸರಿಯುವ ಬಗೆಯನ್ನು ತರಿಸಿದರು. ಅದು ಕೆಟ್ಟ ಸಾಧನವಲ್ಲ, ಆದರೆ ಎರಡೂ ಕೈ ತುಂಬಿರುವ ಹೊತ್ತಿನಲ್ಲಿ ಗುಂಡಿ ಒತ್ತುವುದನ್ನು ನೆನಪಿಡುವ ಹೊಣೆ ಮತ್ತೆ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಮರೆತರೆ ಆ ಸೂಜಿ ತೆರೆದೇ ಉಳಿಯುತ್ತದೆ, ಮತ್ತು ಅದು ಹೇಗೋ ಕಸದ ಚೀಲ ಸೇರಿದರೆ ಅದನ್ನು ಎತ್ತುವ ಸ್ವಚ್ಛತಾ ಸಿಬ್ಬಂದಿಯ ಕೈಗೆ ಚುಚ್ಚುತ್ತದೆ. ಕ್ಯಾನುಲಾವನ್ನೇ ಮುಟ್ಟದ ಆ ಹೆಂಗಸಿಗೂ "ಎಚ್ಚರಿಕೆ ಸಾಲದು" ಎಂದೇ ಹೇಳುತ್ತಾರೆಯೇ?

ಅಮೆರಿಕದಲ್ಲಿ 2000ದಲ್ಲಿ ಬಂದ ಕಾನೂನಿನ ಪ್ರಕಾರ ಇಂಥ ಸಾಧನಗಳನ್ನು ಆರಿಸುವಾಗ ರೋಗಿಗಳನ್ನು ನೇರವಾಗಿ ನೋಡಿಕೊಳ್ಳುವ ಸಿಬ್ಬಂದಿಯ ಅಭಿಪ್ರಾಯ ಕೇಳಲೇಬೇಕು. ಚುಚ್ಚಿದ್ದು ಯಾವ ಬಗೆಯ, ಯಾವ ಬ್ರ್ಯಾಂಡಿನ ಸಾಧನ ಎಂಬುದನ್ನು ದಾಖಲಿಸಲೇಬೇಕು. ನಮ್ಮ ವರದಿಯ ನಮೂನೆಯಲ್ಲಿ ನರ್ಸ್‌ನ ಹೆಸರಿಗೆ, ಪಾಳಿಗೆ, "ಅಜಾಗರೂಕತೆಯ ಕಾರಣ"ಕ್ಕೆ ಜಾಗವಿದೆ, ಸಾಧನದ ಹೆಸರಿಗೆ ಇಲ್ಲ. ಆ ಒಂದು ಸಾಲನ್ನು ಸೇರಿಸಿ, ಖರೀದಿ ಸಭೆಗೆ ವಾರ್ಡಿನಿಂದ ಒಬ್ಬರನ್ನಾದರೂ ಕರೆಯಿರಿ ಎಂದು ನಾವೆಲ್ಲ ಸಹಿ ಹಾಕಿ ಕೊಟ್ಟ ಮನವಿಗೆ ಈವರೆಗೆ ಉತ್ತರ ಬಂದಿಲ್ಲ.