ನರಸಾಪುರದ ಜಮೀನು ಪುಕ್ಕಟೆಯೇ? ಸತ್ಯಾಂಶ ಇಲ್ಲಿದೆ

ಕೋಲಾರ ಜಿಲ್ಲೆಯ ಕೈಗಾರಿಕಾ ಪ್ರದೇಶಗಳಾದ ನರಸಾಪುರ, ವೇಮಗಲ್‌ಗಳಿಗೆ ವಿದೇಶಿ ಕಂಪನಿಗಳು ಬರುವುದು ಸರ್ಕಾರ ಜಮೀನನ್ನು ಪುಕ್ಕಟೆ ಕೊಟ್ಟು, ತೆರಿಗೆಯನ್ನು ಪೂರ್ತಿ ಮನ್ನಾ ಮಾಡುವುದರಿಂದ ಎಂಬ ಸಂದೇಶವೊಂದು ಕೋಲಾರದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು (ಕೆಐಎಡಿಬಿ) ರೈತರಿಂದ ಸ್ವಾಧೀನಪಡಿಸಿಕೊಂಡ ಜಮೀನಿಗೆ ರಸ್ತೆ, ನೀರು, ವಿದ್ಯುತ್ ಒದಗಿಸಿ, ಎಕರೆಗೆ ಇಷ್ಟೆಂದು ದರ ಗೊತ್ತುಪಡಿಸಿ ಹಂಚಿಕೆ ಮಾಡುತ್ತದೆ. 2019ರಲ್ಲಿ ಕೇಂದ್ರ ಸರ್ಕಾರವು ಹೊಸ ತಯಾರಿಕಾ ಕಂಪನಿಗಳ ಆದಾಯ ತೆರಿಗೆಯ ಮೂಲ ದರವನ್ನು ಶೇ 15ಕ್ಕೆ ಇಳಿಸಿತೇ ಹೊರತು ಮನ್ನಾ ಮಾಡಲಿಲ್ಲ, ಆ ದರ ಸ್ವದೇಶಿ ಉದ್ಯಮಿಗಳಿಗೂ ಅನ್ವಯಿಸಿತು. 2020ರಲ್ಲಿ ಮೊಬೈಲ್ ತಯಾರಿಕೆಗೆ ಘೋಷಿಸಿದ ಪ್ರೋತ್ಸಾಹಧನವಂತೂ ಹೂಡಿಕೆ ಮತ್ತು ಹೆಚ್ಚುವರಿ ಮಾರಾಟದ ಗುರಿ ಮುಟ್ಟಿದವರಿಗೆ ಮಾತ್ರ.

ರಿಯಾಯಿತಿಗಳು ಆಕರ್ಷಣೆಯಲ್ಲವೆಂದು ಹೇಳಲಾಗದು, ಅಗ್ಗದ ಕೂಲಿಯೂ ಒಂದು ಕಾರಣವೇ. ಆದರೆ ಮೊದಲು ಎಣಿಸಬೇಕಾದದ್ದು ಮಾರುಕಟ್ಟೆ. 2013ರಲ್ಲಿ ಹೋಂಡಾ ನರಸಾಪುರದಲ್ಲಿ ದ್ವಿಚಕ್ರ ವಾಹನಗಳ ಕಾರ್ಖಾನೆ ತೆರೆದದ್ದು ಇಲ್ಲಿನ ಜನ ಸ್ಕೂಟರ್ ಕೊಳ್ಳುತ್ತಾರೆಂಬ ಲೆಕ್ಕಾಚಾರದಿಂದ. ತೈವಾನಿನ ವಿಸ್ಟ್ರಾನ್ ಇಲ್ಲಿ ಐಫೋನ್ ಜೋಡಿಸತೊಡಗಿದ ಕಾಲಕ್ಕೆ ಆಮದಾಗುವ ಸಿದ್ಧ ಫೋನಿಗೆ ಶೇ 20ರಷ್ಟು ಸುಂಕವಿತ್ತು; ಇಲ್ಲೇ ಜೋಡಿಸಿದರೆ ಅದು ತಪ್ಪುತ್ತಿತ್ತು. ಚೀನಾ ಒಂದನ್ನೇ ನೆಚ್ಚಿಕೊಂಡರೆ ಅಪಾಯವೆಂಬುದೂ ಫೋನ್ ಉದ್ಯಮಕ್ಕೆ ಅರಿವಾಗಿತ್ತು. 2023ರಲ್ಲಿ ಆ ಘಟಕವನ್ನು ಟಾಟಾ ಕೊಂಡುಕೊಂಡಿತು.

ಜಾಗದ ಅನುಕೂಲವೂ ಇದೆ: ಚೆನ್ನೈ ಬಂದರಿನತ್ತ ಸಾಗುವ ಹೆದ್ದಾರಿ, ದೇವನಹಳ್ಳಿಯ ವಿಮಾನ ನಿಲ್ದಾಣ, ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆ ಬಸ್ಸುಗಳಿಂದ ಇಳಿಯುವ ಐಟಿಐ, ಡಿಪ್ಲೊಮಾ ಓದಿದ ಯುವಕ ಯುವತಿಯರು.