ಭಾವಮೈದುನನ ಕ್ಷೇಮಸಮಾಚಾರ

ಹೆಂಡತಿಯ ತವರಿನ ಸುದ್ದಿಯನ್ನು ಗಂಡನಾದವನು ತಾನಾಗಿ ಎತ್ತುವುದು ನಮ್ಮ ಮನೆಗಳಲ್ಲಿ ಅಷ್ಟೇನೂ ಕ್ಷೇಮಕರವಲ್ಲ. ‘ನಿಮ್ಮಣ್ಣ ಹೇಗಿದ್ದಾನೆ?’ ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿದರೂ ‘ಯಾಕೆ, ಈಗ ಅವನೇನು ಮಾಡಿದ?’ ಎಂಬ ಮರುಪ್ರಶ್ನೆ ಬರುವ ಸಂಭವವೇ ಹೆಚ್ಚು. ಅಮೆರಿಕದ ಹಾಸ್ಯಗಾರ ಜಾರ್ಜ್ ಬರ್ನ್ಸ್ ಮಾತ್ರ ರಂಗದ ಮೇಲೆ, ರೇಡಿಯೋದಲ್ಲಿ, ಟೆಲಿವಿಷನ್ನಿನಲ್ಲಿ ಇದೇ ಪ್ರಶ್ನೆ ಕೇಳಿಕೊಂಡೇ ಸಂಸಾರ ಸಾಗಿಸಿದ. ತಾನು ಹೆಂಡತಿ ಗ್ರೇಸಿಯನ್ನು ಅವಳ ಅಣ್ಣನ ಯೋಗಕ್ಷೇಮ ಕೇಳಿ ಸುಮ್ಮನೆ ನಿಂತೆ, ಆಕೆ 38 ವರ್ಷ ಮಾತನಾಡಿದಳು ಎಂದು ಆತ ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದ.

ಆರಂಭದಲ್ಲಿ ಹೀಗಿರಲಿಲ್ಲ. 1920ರ ದಶಕದ ಮೊದಲ ವರ್ಷಗಳು. ಹಾಡು, ಕುಣಿತ, ನಗೆಚಾಟಿಕೆ, ನಾಯಿಯಾಟ ಎಲ್ಲವನ್ನೂ ಒಂದೇ ಟಿಕೆಟ್ಟಿಗೆ ತೋರಿಸುವ ವಾಡೆವಿಲ್ ಪ್ರದರ್ಶನಗಳ ಕಾಲ. ಜಾರ್ಜ್ ನ್ಯೂಯಾರ್ಕಿನ ಬಡ ಯಹೂದಿ ಮನೆಯ ಹುಡುಗ. 1896ರಲ್ಲಿ ಹುಟ್ಟಿದಾಗಿನ ಹೆಸರು ನೇಥನ್ ಬರ್ನ್‌ಬಾಮ್. ಬಾಲ್ಯದಿಂದಲೇ ರಂಗಕ್ಕಿಳಿದರೂ ಹೇಳಿಕೊಳ್ಳುವಂಥ ಯಶಸ್ಸು ಕಂಡವನಲ್ಲ. ಗ್ರೇಸಿ ಆಲನ್ ಜೊತೆಯಾದಾಗ ನಗಿಸುವ ಮಾತುಗಳನ್ನೆಲ್ಲ ತನಗೆ ಬರೆದುಕೊಂಡು, ಆಕೆಗೆ ಬರೀ ಪ್ರಶ್ನೆಗಳನ್ನು ಕೊಟ್ಟ. ಜನ ಆತನ ಉತ್ತರಕ್ಕೆ ನಗಲಿಲ್ಲ, ಆಕೆಯ ಪ್ರಶ್ನೆಗೆ ನಕ್ಕರು. ಜಾರ್ಜ್ ಪಾತ್ರಗಳನ್ನು ಅದಲುಬದಲು ಮಾಡಿಬಿಟ್ಟ. ನಗು ಆಕೆಗೆ, ಪ್ರಶ್ನೆ ತನಗೆ. ಇದನ್ನು ತ್ಯಾಗ ಎಂದು ಕರೆಯಲು ನನಗೆ ಮನಸ್ಸಿಲ್ಲ. ಎಷ್ಟೋ ವರ್ಷ ಚಪ್ಪಾಳೆ ಸಿಗದವನ ಲೆಕ್ಕಾಚಾರ ಅದು. ಆದರೆ ಅಂಥ ಲೆಕ್ಕವನ್ನು ಒಪ್ಪಿಕೊಳ್ಳುವ ಗಂಡಸರು ಎಷ್ಟು ಜನ?

ಮದುವೆಯ ವಿಷಯದಲ್ಲಿ ಆತ ಅನುಭವಿ. ಹಿಂದೊಮ್ಮೆ ಜೊತೆಗೆ ಕುಣಿಯುತ್ತಿದ್ದ ಹುಡುಗಿಯನ್ನು, ಮದುವೆಯಾಗದೆ ಪರ ಗಂಡಸಿನೊಡನೆ ಊರೂರು ತಿರುಗಲು ಹೆತ್ತವರು ಬಿಡಲಿಲ್ಲವೆಂಬ ಒಂದೇ ಕಾರಣಕ್ಕೆ ಮದುವೆಯಾಗಿದ್ದ. 26 ವಾರಗಳ ಪ್ರವಾಸ ಮುಗಿಯಿತು, ದಾಂಪತ್ಯವೂ ಮುಗಿಯಿತು. ಗ್ರೇಸಿ ಸಿಕ್ಕಾಗ ಆಕೆಗೆ ಇನ್ನೊಬ್ಬ ಕಲಾವಿದನೊಡನೆ ಮದುವೆಯ ಮಾತಾಗಿತ್ತು. ಜೊತೆಗೆ ಐರಿಷ್ ಕ್ಯಾಥೊಲಿಕ್ ಮನೆತನ. ಕಾದು ಕಾದು ಸಾಕಾದ ಜಾರ್ಜ್ ಒಂದು ಕ್ರಿಸ್‌ಮಸ್‌ಗೆ, ನನ್ನನ್ನು ಮದುವೆಯಾಗು, ಇಲ್ಲವಾದರೆ ಜೋಡಿ ಮುರಿಯೋಣ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟ. ಬೆಳಗಿನ ಜಾವ ಮೂರರ ಹೊತ್ತಿಗೆ ಫೋನು ಬಂತು: ಉಂಗುರ ಕೊಳ್ಳಬಹುದು. 1926ರ ಜನವರಿ 7ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಮದುವೆ. ಮುಂದೆ ಒಂದು ಹೆಣ್ಣು, ಒಂದು ಗಂಡು ಮಗುವನ್ನು ದತ್ತು ತೆಗೆದುಕೊಂಡು, ಇಬ್ಬರನ್ನೂ ತಾಯಿಯ ಮತದಲ್ಲೇ ಬೆಳೆಸಿದರು.

ರಂಗದ ಮೇಲೆ ಆತನ ಕೈಯಲ್ಲಿ ಸದಾ ಸಿಗಾರ್. ಅದೂ ಅಗ್ಗದ್ದು. ದುಬಾರಿ ಹವಾನಾ ಸಿಗಾರ್ ಸೇದದೆ ಹಿಡಿದರೆ ಆರಿಹೋಗುತ್ತದೆ, ಅಗ್ಗದ್ದು ಉರಿಯುತ್ತಲೇ ಇರುತ್ತದೆ ಎಂಬುದು ಆತನ ವಿವರಣೆ. ಗ್ರೇಸಿಯ ಮಾತಿಗೆ ಜನ ನಗುವಷ್ಟು ಹೊತ್ತು ಒಂದು ದಮ್ಮು. ನಗು ಇಳಿಯುತ್ತಿದ್ದಂತೆ ಮುಂದಿನ ಪ್ರಶ್ನೆ. ಪ್ರದರ್ಶನಕ್ಕೆ ಮುಂಚೆ ರಂಗದ ಮೇಲೆ ಗಾಳಿ ಯಾವ ಕಡೆ ಬೀಸುತ್ತದೆಂದು ನೋಡಿಕೊಳ್ಳುತ್ತಿದ್ದನಂತೆ. ಹೊಗೆ ಅಪ್ಪಿತಪ್ಪಿ ಆಕೆಯ ಮುಖಕ್ಕೆ ಹೋದರೆ ಪ್ರೇಕ್ಷಕರು ತನ್ನನ್ನು ಕ್ಷಮಿಸುವುದಿಲ್ಲವೆಂದು ಗೊತ್ತಿತ್ತು. ಗ್ರೇಸಿಯ ತೋಳು ಮಾತ್ರ ಎಂದೂ ಬರಿದಾಗಿ ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕುದಿಯುವ ಪಾತ್ರೆ ಮೈಮೇಲೆ ಬಿದ್ದು ತೋಳು ಸುಟ್ಟಿತ್ತು. ಕಲೆ ಮುಚ್ಚಲು ತೊಟ್ಟ ಉದ್ದ ತೋಳಿನ ಉಡುಪೇ ಆಕೆಯ ಗುರುತಾಯಿತು.

ನಮ್ಮ ಹಾಸ್ಯೋತ್ಸವಗಳಲ್ಲಿ ಹೆಂಡತಿಯ ಜೋಕು ಬಾರದೆ ಕಾರ್ಯಕ್ರಮ ಮುಗಿಯುವುದಿಲ್ಲ. ಅಡುಗೆ, ಸೀರೆ, ಲಟ್ಟಣಿಗೆ. ವೇದಿಕೆಯ ಮೇಲೆ ಗಂಡ, ಮುಂದಿನ ಸಾಲಿನಲ್ಲಿ ಬಲವಂತದ ನಗೆ ನಗುತ್ತ ಹೆಂಡತಿ. ಗ್ರೇಸಿಯ ಪಾತ್ರವೂ ಪೆದ್ದಿಯದೇ. ಆದರೆ ಆ ಪೆದ್ದುತನಕ್ಕೆ ಭದ್ರವಾದ ತರ್ಕವಿತ್ತು. ಉಪ್ಪಿನ ಡಬ್ಬಿಗೆ ಮೆಣಸಿನಪುಡಿ, ಮೆಣಸಿನ ಡಬ್ಬಿಗೆ ಉಪ್ಪು ತುಂಬಿಡುತ್ತಾಳೆ. ಯಾಕೆಂದರೆ ಜನ ಹೇಗೂ ಒಂದಕ್ಕೆ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ, ಇನ್ನು ಮೇಲೆ ಸರಿಯಾದದ್ದೇ ಸಿಗುತ್ತದೆ! ಇದಕ್ಕೆ ಏನು ಹೇಳಲು ಸಾಧ್ಯ? ಜಾರ್ಜ್ ಸಿಗಾರ್ ಸೇದುತ್ತಾನೆ.

ಅತ್ತ ನಿಜವಾದ ಅಣ್ಣ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೆಕ್ಕಪತ್ರ ನೋಡಿಕೊಂಡು ತನ್ನ ಪಾಡಿಗೆ ತಾನಿದ್ದ. 1933ರಲ್ಲಿ ಗ್ರೇಸಿಯ ಅಣ್ಣ ಕಾಣೆಯಾಗಿದ್ದಾನೆ ಎಂಬ ಸುದ್ದಿಯನ್ನು ಪ್ರಚಾರಕ್ಕಾಗಿ ಹಬ್ಬಿಸಿದರು. ಆಕೆ ಬೇರೆ ಬೇರೆ ರೇಡಿಯೋ ಕಾರ್ಯಕ್ರಮಗಳಿಗೆ ನುಗ್ಗಿ ಅಣ್ಣನನ್ನು ಹುಡುಕತೊಡಗಿದಳು. ಪತ್ರಿಕೆಯವರು, ಕುತೂಹಲದ ಜನ ನಿಜವಾದ ಅಣ್ಣನ ಬೆನ್ನು ಹತ್ತಿದರು. ಕಾಣೆಯಾಗದಿದ್ದ ಆ ಪುಣ್ಯಾತ್ಮ ಕೊನೆಗೆ ನಿಜವಾಗಿಯೂ ತಲೆಮರೆಸಿಕೊಳ್ಳಬೇಕಾಯಿತು.

ಇನ್ನೊಂದು ತಮಾಷೆ. ರೇಡಿಯೋದಲ್ಲಿ ವರ್ಷಗಟ್ಟಲೆ ಇವರು ಮದುವೆಯಾಗದ ಜೋಡಿಯಂತೆ ಸರಸವಾಡುತ್ತಿದ್ದರು. ಇಬ್ಬರೂ ಗಂಡ ಹೆಂಡತಿ, ಮನೆಯಲ್ಲಿ ಮಕ್ಕಳಿವೆ ಎಂದು ದೇಶಕ್ಕೆಲ್ಲ ಗೊತ್ತು. 1940ರ ದಶಕ ಕಾಲಿಡುವ ಹೊತ್ತಿಗೆ ಕೇಳುಗರು ಕಡಿಮೆಯಾಗತೊಡಗಿದರು. ನಮ್ಮ ವಯಸ್ಸಿಗೆ ಈ ಚೆಲ್ಲಾಟ ಒಗ್ಗುತ್ತಿಲ್ಲ ಎಂದು ಜಾರ್ಜ್‌ಗೆ ಹೊಳೆಯಿತು. ನಾವು ದಂಪತಿ ಎಂದು ಒಪ್ಪಿಕೊಂಡು ಮನೆಯ ಕಥೆಯನ್ನೇ ಹಾಸ್ಯ ಮಾಡಿದ, ಜನ ಮರಳಿದರು. 1950ರಿಂದ 1958ರವರೆಗೆ ನಡೆದ ಟೆಲಿವಿಷನ್ ಕಾರ್ಯಕ್ರಮದಲ್ಲಂತೂ ಆತ ತನ್ನ ಕೋಣೆಯಲ್ಲಿ ಕುಳಿತು, ಅದೇ ಮನೆಯ ಇನ್ನೊಂದು ಕಡೆ ಹೆಂಡತಿ ಏನು ಎಡವಟ್ಟು ಮಾಡುತ್ತಿದ್ದಾಳೆಂದು ಟೆಲಿವಿಷನ್ನಿನಲ್ಲೇ ನೋಡುತ್ತಿದ್ದ. ವಾರವಾರವೂ ಪುಟಗಟ್ಟಲೆ ಅಡ್ಡಾದಿಡ್ಡಿ ತರ್ಕವನ್ನು ಬಾಯಿಪಾಠ ಮಾಡುವ ಹೊರೆ ಗ್ರೇಸಿಯದು. ತಲೆನೋವು, ಹೃದಯದ ತೊಂದರೆ ಬೇರೆ. 1958ರಲ್ಲಿ ಸಾಕೆಂದು ಬಿಟ್ಟಳು. ಜಾರ್ಜ್ ಒಬ್ಬನೇ ಮುಂದುವರಿಸಿದ ಕಾರ್ಯಕ್ರಮ ಒಂದೇ ವರ್ಷಕ್ಕೆ ನಿಂತುಹೋಯಿತು. ಪ್ರಶ್ನೆಗಳೇನೋ ಇದ್ದವು.

ಜಾರ್ಜ್ ಏಕಪತ್ನೀವ್ರತಸ್ಥನಲ್ಲ. ಒಮ್ಮೆ ಬೇರೊಬ್ಬಳ ಸಹವಾಸ ಮಾಡಿ, ಅದು ಹೆಂಡತಿಗೆ ತಿಳಿದಿದೆಯೆಂದು ಅರಿವಾದಾಗ, ತಾನು ದುಬಾರಿಯೆಂದು ಬೇಡವೆಂದಿದ್ದ, ಊಟದ ಮೇಜಿನ ನಡುವೆ ಇಡುವ ಬೆಳ್ಳಿಯ ಅಲಂಕಾರ ಸಾಮಾನನ್ನೂ ವಜ್ರದುಂಗುರವನ್ನೂ ತಂದುಕೊಟ್ಟ. ಆಕೆ ಏನೂ ಆಡಲಿಲ್ಲ. ವರ್ಷಗಳ ನಂತರ ಗೆಳತಿಯೊಡನೆ, ಜಾರ್ಜ್ ಇನ್ನೊಮ್ಮೆ ದಾರಿ ತಪ್ಪಿದರೆ ಚೆನ್ನಾಗಿತ್ತು, ಇನ್ನೊಂದು ಬೆಳ್ಳಿ ಸಾಮಾನು ಬೇಕಾಗಿತ್ತು ಎಂದಳಂತೆ. ಸೊಗಸಾದ ಮಾತೇ. ಆದರೆ ಇದನ್ನು ಜಗತ್ತಿಗೆ ಹೇಳಿದವನು ಜಾರ್ಜ್. ಆ ಕೆಲವು ವರ್ಷಗಳ ಮೌನದಲ್ಲಿ ಆಕೆ ಏನೆಂದುಕೊಂಡಳೋ, ಅದಕ್ಕೆ ಜೋಕು ಬರೆದವರಿಲ್ಲ.

1964ರ ಆಗಸ್ಟ್‌ನಲ್ಲಿ ಗ್ರೇಸಿ ತೀರಿಕೊಂಡಳು. ನಿದ್ದೆ ಬಾರದ ಜಾರ್ಜ್ ಆಕೆಯ ಮಂಚಕ್ಕೆ ಹೋಗಿ ಮಲಗತೊಡಗಿದ ಮೇಲೆ ನಿದ್ದೆ ಬಂತಂತೆ. ತಿಂಗಳಿಗೊಮ್ಮೆ ಸಮಾಧಿಗೆ ಹೋಗಿ ಸುದ್ದಿ ಹೇಳಿ ಬರುತ್ತಿದ್ದ. ಸುದ್ದಿಗೇನೂ ಬರವಿರಲಿಲ್ಲ, ಆಪ್ತ ಗೆಳೆಯ, ಹಾಸ್ಯನಟ ಜಾಕ್ ಬೆನ್ನಿ ಮಾಡಬೇಕಿದ್ದ ಸಿನಿಮಾ ಪಾತ್ರ ಆತನ ಮರಣದಿಂದ ತನಗೆ ಬಂದು, 80ನೆಯ ವಯಸ್ಸಿನಲ್ಲಿ ಆಸ್ಕರ್ ದೊರಕಿತ್ತು. ನೂರು ತುಂಬಿಸಿಯೇ 1996ರ ಮಾರ್ಚ್‌ನಲ್ಲಿ ಹೋದ.

ಈಗ ಇಬ್ಬರಿಗೂ ಒಂದೇ ಫಲಕ. ಬದುಕಿನುದ್ದಕ್ಕೂ ‘ಬರ್ನ್ಸ್ ಮತ್ತು ಆಲನ್’ ಆಗಿದ್ದ ಜೋಡಿಯಲ್ಲಿ ಅಲ್ಲಿ ಗ್ರೇಸಿಯ ಹೆಸರು ಮೊದಲು. ಆಕೆಯ ಜನ್ಮವರ್ಷ 1902 ಎಂದಿದೆ. 1900ರ ಜನಗಣತಿಯಲ್ಲೇ ಆಕೆಯ ಹೆಸರಿದ್ದು, ಅಲ್ಲಿ ಬರೆದದ್ದು 1895. ಜನನಪತ್ರ ಕೇಳಿದರೆ 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದಲ್ಲಿ ನಾಶವಾಯಿತು ಎನ್ನುತ್ತಿದ್ದಳು. ತಾನು ಹುಟ್ಟಿದ್ದು ಅದೇ ವರ್ಷದ ಜುಲೈನಲ್ಲಿ ಎಂದೂ ಹೇಳುತ್ತಿದ್ದಳು. ಭೂಕಂಪವಾದದ್ದು ಏಪ್ರಿಲ್‌ನಲ್ಲಲ್ಲವೇ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: ಅದು ಭಾರೀ ದೊಡ್ಡ ಭೂಕಂಪವಾಗಿತ್ತು.