ಮುಳುಗಿದ್ದು ಸಬ್‌ಮರೀನು, ಹಾರಿದ್ದು ಲ್ಯಾಪ್‌ಟಾಪು

"ರಾತ್ರಿ ಹನ್ನೊಂದೂವರೆಗೆ ನನ್ನ ಸಬ್‌ಮರೀನ್ ಮುಳುಗಿಹೋಯ್ತಮ್ಮ" ಅಂದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಕೂಡ ಎತ್ತಲಿಲ್ಲ. "ಮುಳುಗೋದೇ ಅಲ್ವೇನೋ ಅದರ ಕೆಲಸ?"

ಮುಳುಗೋದು ಬೇರೆ, ಮುಳುಗಿಹೋಗೋದು ಬೇರೆ. ಅವರೆಕಾಯಿ ಮುಂದೆ ಇಟ್ಟುಕೊಂಡು ಕೂತವರಿಗೆ ಇದನ್ನು ಹೇಗೆ ಹೇಳೋದು!

ಆಟದ ಹೆಸರು 'ಸೈಲೆಂಟ್ ಸರ್ವೀಸ್'. ಸಿಡ್ ಮೈಯರ್ 1985ರಲ್ಲಿ ಮಾಡಿದ್ದು. ಎರಡನೇ ಮಹಾಯುದ್ಧ, ಪೆಸಿಫಿಕ್ ಸಾಗರ, ನಾವು ಅಮೆರಿಕದ ಸಬ್‌ಮರೀನಿನ ಕ್ಯಾಪ್ಟನ್. ಎದುರಿಗೆ ಜಪಾನಿನ ಸರಕು ಹಡಗುಗಳು, ಅವಕ್ಕೆ ಕಾವಲಾಗಿ ಡಿಸ್ಟ್ರಾಯರ್ ಎಂಬ ಯುದ್ಧನೌಕೆ. ಪೆರಿಸ್ಕೋಪ್ ಎತ್ತು, ಕಣ್ಣು ಹಾಯಿಸು, ಇಳಿಸು, ಉಸಿರು ಬಿಗಿಹಿಡಿದು ಕಾಯಿ. ಆಟದ ಮುಕ್ಕಾಲು ಪಾಲು ಕಾಯೋದೇ.

ನನ್ನ 16 ಜಿಬಿ ಲ್ಯಾಪ್‌ಟಾಪಿಗೆ ಬಾರದ ವಿದ್ಯೆ ಅದೊಂದೇ. ದಿಗಂತದಲ್ಲಿ ಚುಕ್ಕೆಯಂತಿದ್ದ ಡಿಸ್ಟ್ರಾಯರ್ ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ನೆತ್ತಿಯ ಮೇಲೆ. ಹಳೆಯ ಆಟ ಓಡಿಸಲು ಡಾಸ್‌ಬಾಕ್ಸ್ ಅಂತ ಒಂದಿದೆಯಲ್ಲ, ಹೊಸ ಯಂತ್ರಕ್ಕೆ ಮುದುಕನ ವೇಷ ಹಾಕಿಸುತ್ತದೆ. ಅದು ಸುಮ್ಮನೆ ಬಿಟ್ಟರೆ 3000 ಸೈಕಲ್‌ನಲ್ಲಿ ಓಡುತ್ತದೆ (ಸೈಕಲ್ ಅಂದರೆ ಅದರ ವೇಗದ ಅಳತೆ). ಆ ಕಾಲದ 4.77 ಮೆಗಾಹರ್ಟ್ಸ್ ಪಿಸಿಯ ನಡಿಗೆ ಬೇಕೆಂದರೆ 300ರ ಆಸುಪಾಸಿಗೆ ಇಳಿಸಬೇಕು. ಕಂತಿನಲ್ಲಿ ಕೊಂಡ ವೇಗವನ್ನೆಲ್ಲ ಕೈಯಾರೆ ಹಿಂಡಿ ಚೆಲ್ಲಬೇಕು ಅಂತ ಅರ್ಥ.

ಚೆಲ್ಲುವುದಾದರೂ ಸುಲಭವೇ? ವೇಗ ತಗ್ಗಿಸಲು ಕಂಟ್ರೋಲ್ ಜೊತೆ ಎಫ್ 11. ನನ್ನ ಲ್ಯಾಪ್‌ಟಾಪಿನಲ್ಲಿ ಎಫ್ 11 ಬರಿಯ ಎಫ್ 11 ಅಲ್ಲ, ಅದರ ಮೇಲೊಂದು ವಿಮಾನದ ಚಿತ್ರವಿದೆ. ಹಾಗಾಗಿ ಎಫ್‌ಎನ್ ಕೀಲಿಯನ್ನೂ ಅದುಮಬೇಕು. ಎಡಗೈಯ ಕಿರುಬೆರಳು ಒಂದರ ಮೇಲೆ, ಉಂಗುರದ ಬೆರಳು ಇನ್ನೊಂದರ ಮೇಲೆ, ಬಲಗೈ ಮೇಲಿನ ಸಾಲಿಗೆ. ವೀಣೆಯ ಮೊದಲ ಪಾಠದಲ್ಲೂ ಬೆರಳು ಇಷ್ಟು ಸೊಟ್ಟಗಾಗಿರಲಾರದು. ಒಂದು ಸಲ ಒತ್ತಿದರೆ ಸುಮಾರು ಇಪ್ಪತ್ತು ಪರ್ಸೆಂಟ್ ಇಳಿಯುತ್ತದೆ. ನೀವೇ ಲೆಕ್ಕ ಹಾಕಿ, ಹತ್ತಕ್ಕೂ ಹೆಚ್ಚು ಸಲ ಒತ್ತಬೇಕು. ಆರನೆಯ ಒತ್ತಿಗೆ ಎಫ್‌ಎನ್ ಜಾರಿತು. ಪೆಸಿಫಿಕ್ ತಳದಲ್ಲಿದ್ದವನು ಏರೋಪ್ಲೇನ್ ಮೋಡ್‌ಗೆ ಹೋದೆ! ಇಂಟರ್ನೆಟ್ ಕಡಿದು, ಹಿಂದೆ ಅಪ್‌ಲೋಡ್ ಆಗುತ್ತಿದ್ದ ಆಫೀಸಿನ ಫೈಲು ಅಲ್ಲೇ ನಿಂತಿತು. ಗಾಬರಿಯಲ್ಲಿ ಮತ್ತೆ ಒತ್ತಿದೆ, ಬೆರಳು ಎಫ್ 9ಕ್ಕೆ ಬಿತ್ತು. ಕಂಟ್ರೋಲ್ ಎಫ್ 9 ಅಂದರೆ ಡಾಸ್‌ಬಾಕ್ಸ್ ತಿಥಿ. "ನಿಜವಾಗಲೂ ಬೇಕಾ?" ಅಂತ ಒಂದು ಮಾತು ಕೇಳುವುದಿಲ್ಲ. ಡಿಸ್ಟ್ರಾಯರ್, ಸಾಗರ, ನಾನು, ಎಲ್ಲ ಒಟ್ಟಿಗೆ ಮಾಯ.

ಮೈಸೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಈ ತಾಪತ್ರಯ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಎ.ಸಿ. ತಂಪು, ಇಬ್ಬರಿಗೆ ಒಂದೇ ಕುರ್ಚಿ. ನಾನು ಕೀಲಿ ಒತ್ತುವವನು, ಗೆಳೆಯ ಮೇಷ್ಟ್ರು ಬರುತ್ತಾರಾ ಅಂತ ಕಿವಿಗೊಡುವವನು. ಸದ್ದಿನಿಂದಲೇ ಶತ್ರುವನ್ನು ಪತ್ತೆಹಚ್ಚುವ ಸೋನಾರ್ ಅವನೇ. ಟಾರ್ಪಿಡೋ ಅಂದರೆ ನೀರಿನಡಿ ಓಡಿ ಹಡಗಿಗೆ ಬಡಿಯುವ ಸಿಡಿಗುಂಡು. ಆಟದಲ್ಲಿ ಸಿಡಿಯದ ಠುಸ್ ಟಾರ್ಪಿಡೋ ಬೇಕಾ ಬೇಡವಾ ಅಂತ ಆಯ್ಕೆ ಇದೆ. ಅವನಿಗೆ ಬೇಕೇ ಬೇಕು. ನಿಜವಾದ ಯುದ್ಧದಲ್ಲೂ ಅಮೆರಿಕದ ಮಾರ್ಕ್ 14 ಟಾರ್ಪಿಡೋ ಹೇಳಿದ್ದಕ್ಕಿಂತ ಆಳದಲ್ಲಿ ಹೋಗಿ ಹಡಗಿನಡಿ ನುಸುಳುತ್ತಿತ್ತು, ನೇರ ಬಡಿದರೂ ಸಿಡಿಯುತ್ತಿರಲಿಲ್ಲ. ಸರಿಹೋಗಲು 1943 ಬರಬೇಕಾಯಿತು. "ಯುದ್ಧ ಅಂದ್ಮೇಲೆ ಠುಸ್ ಆಗ್ಬೇಕು ಕಣೋ" ಅನ್ನುತ್ತಿದ್ದ. ಈಗ ಅವನಿರುವ ಊರಿನಲ್ಲಿ ಬೆಳಗಾದಾಗ ನಮಗೆ ರಾತ್ರಿ. ಹಬ್ಬಕ್ಕೊಂದು ದೀಪದ ಚಿತ್ರ ಕಳಿಸುತ್ತಾನೆ.

ಇವತ್ತು ಮತ್ತೆ ಕೂತೆ. ಹೇಗೋ 300ಕ್ಕೆ ಇಳಿಸಿದೆ. ಆಹಾ, ಎಂಥ ನಿಧಾನ! ಸರಕು ಹಡಗು ಪೆರಿಸ್ಕೋಪಿನ ಗೆರೆಗೆ ತೇಲುತ್ತಾ ಬಂತು. ಬಿಟ್ಟೆ. ಟಾರ್ಪಿಡೋ ಹೋಯಿತು, ಹೋಯಿತು, ತಗುಲಿತು.

ಠುಸ್.

ಕೂತಲ್ಲೇ ನಕ್ಕುಬಿಟ್ಟೆ. ತಕ್ಷಣ ಸ್ಕ್ರೀನ್‌ಶಾಟ್ ತೆಗೆದು, "ನೋಡೋ, ಆಯ್ತು!" ಅಂತ ಬರೆದು ಅವನಿಗೆ ಕಳಿಸಿದೆ. ಐದು ನಿಮಿಷ ಕಾದೆ. ಗಡಿಯಾರದ ಗುರುತು ಹಾಗೇ ನಿಂತಿತ್ತು.

ಏರೋಪ್ಲೇನ್ ಮೋಡ್.